ಹಾನಗಲ್ಲ ಸೀಮೆಗೆ ಬಂದ ತೈಲವರ್ಣ: ಹೂ ಮುಡಿದ ಆಕೃತಿಗಳ ಚಿತ್ರಪರಂಪರೆ

ಕಲೆಯಲ್ಲಿ ಅರಳಿದ ಹೂ ಹಾನಗಲ್ಲ ಸೀಮೆಗೆ ಹೊಸ ವಸ್ತುವಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಂಟಪದ ಒಳಛಾವಣಿಯಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಅರಳಿಸಿದ ಕಲ್ಲಿನ ಕಮಲ ಇಂದಿಗೂ ಇದೆ. ಇಲ್ಲಿಗೆ ಹೊಸದಾಗಿ ಬಂದದ್ದು ಎಣ್ಣೆಯಲ್ಲಿ ಕಲೆಸಿದ ಬಣ್ಣ ಮತ್ತು ಆ ಬಣ್ಣದಿಂದ ಮೈ, ಬಟ್ಟೆ, ಹೂಗಳನ್ನು ಕಣ್ಣಿಗೆ ಕಂಡಂತೆಯೇ ಮೂಡಿಸುವ ಕ್ರಮ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಅದು ಎರಡು ದಾರಿಗಳಲ್ಲಿ ಈ ಕಡೆಗೆ ತಲುಪಿತು. ಒಂದು ಅಚ್ಚಿನ ಚಿತ್ರಗಳ ದಾರಿ, ಇನ್ನೊಂದು ಮುಂಬಯಿಯ ಕಲಾಶಾಲೆಯ ದಾರಿ.

ಮೊದಲನೆಯದು ರಾಜಾ ರವಿವರ್ಮನಿಂದ (1848–1906) ತೆರೆಯಿತು. ತಲೆಗೂದಲಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಹೆಣ್ಣಿನ ಅವನ ತೈಲಚಿತ್ರಕ್ಕೆ 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲೂ ವಿಯೆನ್ನಾದ ಪ್ರದರ್ಶನದಲ್ಲೂ ಬಹುಮಾನ ಬಂತು. ಯುರೋಪಿನ ತಂತ್ರದಲ್ಲಿ ಬರೆದ ಭಾರತೀಯ ಹೆಣ್ಣು, ಅವಳ ಕೈಯಲ್ಲಿ ಹೂವಿನ ಮಾಲೆ: ಮುಂದಿನ ನೂರು ವರ್ಷಗಳ ಕ್ಯಾಲೆಂಡರ್ ಚಿತ್ರಗಳ ಮಾದರಿ ಬಹುಮಟ್ಟಿಗೆ ಇದೇ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದ. ತಾವರೆಯ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ ಹಳ್ಳಿಹಳ್ಳಿಯ ಪಡಸಾಲೆಗೆ ಬಂದರು. ಅಚ್ಚಿನಲ್ಲಿ ತೈಲವರ್ಣದ ಆಳ ಉಳಿಯಲಿಲ್ಲ, ನೆರಳುಗಳು ಮಂಕಾದವು. ಆದರೂ ಆಕೃತಿ ನಿಲ್ಲುವ ಭಂಗಿ, ಮಾಲೆ ಇಳಿಬೀಳುವ ರೀತಿ ಜನರ ಕಣ್ಣಲ್ಲಿ ನಿಂತವು. ಮೂಲ ತೈಲಚಿತ್ರಗಳನ್ನು ನೋಡಬೇಕೆಂದರೆ ಮೈಸೂರಿನಂಥ ಊರಿಗೆ ಹೋಗಬೇಕಿತ್ತು. ಮೈಸೂರಿನ ಅರಮನೆಗಾಗಿ ರವಿವರ್ಮ ತನ್ನ ಕೊನೆಯ ವರ್ಷಗಳಲ್ಲಿ ಬರೆದ ಪೌರಾಣಿಕ ಚಿತ್ರಗಳು ಈಗ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿವೆ.

ಎರಡನೆಯ ದಾರಿ ಆಡಳಿತದ್ದು. ಹಾನಗಲ್ಲ ತಾಲ್ಲೂಕು, ಶಿಗ್ಗಾವಿಯಲ್ಲಿ ಕಚೇರಿಯಿದ್ದ ಬಂಕಾಪುರ ತಾಲ್ಲೂಕು, ಹಿರೇಕೆರೂರಿನಲ್ಲಿ ಕಚೇರಿಯಿದ್ದ ಕೋಡ ತಾಲ್ಲೂಕು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನ. ಹೀಗಾಗಿ ಮೈಸೂರು ಭಾಗದಲ್ಲಿ ಅರಮನೆ ಮಾಡಿದ ಕೆಲಸವನ್ನು ಇಲ್ಲಿ ಶಾಲೆ ಮಾಡಬೇಕಾಯಿತು. ಮುಂಬಯಿಯಲ್ಲಿ 1857ರಲ್ಲಿ ಶುರುವಾದ ಸರ್ ಜೆ.ಜೆ. ಕಲಾಶಾಲೆಯ ಪಾಠಕ್ರಮವೇ ಪ್ರಾಂತದ ಚಿತ್ರಕಲಾ ಶಿಕ್ಷಣಕ್ಕೆ ಆಧಾರ. ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿಗೆ ಊರೂರ ಹೈಸ್ಕೂಲು ಹುಡುಗರು ಕೂರುತ್ತಿದ್ದರು. ಅವರನ್ನು ತಯಾರು ಮಾಡುತ್ತಿದ್ದವರು ಡ್ರಾಯಿಂಗ್ ಮಾಸ್ತರರು. ಉತ್ತರ ಕರ್ನಾಟಕದ ತೈಲಚಿತ್ರದ ಚರಿತ್ರೆ ಎಂದರೆ ದೊಡ್ಡ ಹೆಸರುಗಳಿಗಿಂತ ಹೆಚ್ಚಾಗಿ ಈ ಮಾಸ್ತರರ ಚರಿತ್ರೆ. ಅದಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ.

ಇಪ್ಪತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಡಿ.ವಿ. ಹಾಲಭಾವಿಯವರು ಧಾರವಾಡದಲ್ಲಿ ಕಲಾಶಾಲೆ ತೆರೆದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರ ಕಲಾಶಾಲೆ ಬಂತು. ಮುಂಬಯಿಯಲ್ಲೇ ಕನ್ನಡಿಗ ಜಿ.ಎಸ್. ದಂಡಾವತಿಮಠರು ನಡೆಸಿದ ನೂತನ ಕಲಾಮಂದಿರದಲ್ಲಿ ಕಲಬುರ್ಗಿಯ ಎಸ್.ಎಂ. ಪಂಡಿತ್ (1916–1993) ಕಲಿತರು. ಪುರಾಣದ ನಾಯಕ ನಾಯಿಕೆಯರನ್ನು ಹೂಬನಗಳ ನಡುವೆ ನಿಲ್ಲಿಸಿದ ಪಂಡಿತರ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ದೇಶವೆಲ್ಲ ತಿರುಗಿದವು.

ಈ ಶಾಲೆಗಳಲ್ಲಿ ಕಲಿಸಿದ ಸಾಂಪ್ರದಾಯಿಕ ಕ್ರಮಕ್ಕೆ ನಿಧಾನವೇ ತಳಹದಿ. ಚೌಕಟ್ಟಿಗೆ ಬಿಗಿದ ಬಟ್ಟೆಗೆ ಮೊದಲು ಚರ್ಮದ ಅಂಟನ್ನು ತೆಳುವಾಗಿ ಸವರುತ್ತಾರೆ. ಎಣ್ಣೆ ನೇರವಾಗಿ ತಾಗಿದರೆ ನೂಲು ಕೆಲವೇ ವರ್ಷಗಳಲ್ಲಿ ಲಡ್ಡಾಗುತ್ತದೆ. ಅಂಟಿನ ಮೇಲೆ ಬಿಳಿ ಲೇಪ, ಅದು ಒಣಗಿದ ಮೇಲೆ ಇದ್ದಿಲಿನ ರೇಖೆ, ಆಮೇಲೆ ಟರ್ಪೆಂಟೈನ್‌ನಲ್ಲಿ ತೆಳುಮಾಡಿದ ಕಂದು ಬಣ್ಣದಲ್ಲಿ ನೆರಳು ಬೆಳಕಿನ ಹಂಚಿಕೆ. ನಿಜವಾದ ಬಣ್ಣಗಳು ಬರುವುದು ಇದೆಲ್ಲ ಮುಗಿದ ನಂತರ. ಕೆಳಗಿನ ಪದರಿನಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು ಎಂಬುದು ಮೀರಬಾರದ ನಿಯಮ. ಮೇಲಿನ ಪದರು ಮೊದಲು ಒಣಗಿ ಕೆಳಗಿನದು ಹಸಿಯಾಗಿ ಉಳಿದರೆ ಚಿತ್ರ ಬಿರಿಯುತ್ತದೆ.

ಬಣ್ಣ ಕಲೆಸುವ ಎಣ್ಣೆ ಅಗಸಿಯದು. ಧಾರವಾಡ, ಗದಗ ಭಾಗದ ಕರಿಮಣ್ಣಿನಲ್ಲಿ ಹಿಂಗಾರಿಗೆ ಬೆಳೆದು, ಚಟ್ನಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸಿ. ಅದರ ಎಣ್ಣೆ ಆವಿಯಾಗಿ ಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿ ಪೊರೆಯಾಗುತ್ತದೆ. ಶೇಂಗಾ ಎಣ್ಣೆಗಾಗಲಿ ಕೊಬ್ಬರಿ ಎಣ್ಣೆಗಾಗಲಿ ಈ ಗುಣವಿಲ್ಲ. ಕುಸುಬಿ ಎಣ್ಣೆಗೂ ಒಣಗುವ ಗುಣವಿದೆ, ಅದು ಅಗಸಿಯಷ್ಟು ಹಳದಿಗಟ್ಟುವುದಿಲ್ಲ. ಅದಕ್ಕೇ ಬಣ್ಣದ ಕಂಪನಿಗಳು ಬಿಳಿಯನ್ನು ಅನೇಕ ವೇಳೆ ಕುಸುಬಿ ಎಣ್ಣೆಯಲ್ಲಿ ಅರೆಯುತ್ತವೆ. ಎರಡೂ ಬೀಜ ಇದೇ ನೆಲದಲ್ಲಿ ಬೆಳೆದರೂ ಚಿತ್ರಕಾರನ ಕೈಗೆ ಬಂದದ್ದು ಅಂಗಡಿಯ ಸೀಸೆ ಮತ್ತು ಟ್ಯೂಬುಗಳ ರೂಪದಲ್ಲಿ. ಮಡಚುವ ಲೋಹದ ಬಣ್ಣದ ಟ್ಯೂಬನ್ನು 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ರೂಪಿಸಿದ್ದ.

ಆಕೃತಿಯ ಜೊತೆ ಹೂ ಸೇರಿದಾಗ ಕಷ್ಟ ಹೆಚ್ಚುತ್ತದೆ. ಮುಖವನ್ನು ವಾರಗಟ್ಟಲೆ ಬರೆಯಬಹುದು, ಮಲ್ಲಿಗೆ ಸಂಜೆಗೇ ಬಾಡುತ್ತದೆ. ಯುರೋಪಿನವರು ಇದಕ್ಕೆ ತಮ್ಮದೇ ದಾರಿಗಳನ್ನು ಕಂಡುಕೊಂಡಿದ್ದರು. ಹದಿನೇಳನೆಯ ಶತಮಾನದ ಆರಂಭದಲ್ಲಿ ಹೂಮಾಲೆಯ ನಡುವಿನ ಮಡೋನ್ನಾ ಚಿತ್ರವೊಂದರಲ್ಲಿ ಆಕೃತಿಯನ್ನು ರೂಬೆನ್ಸ್, ಹೂಗಳನ್ನು ಯಾನ್ ಬ್ರೂಗೆಲ್ ಬರೆದು ಕೆಲಸ ಹಂಚಿಕೊಂಡರು. ಡಚ್ ಚಿತ್ರಕಾರ ಯಾನ್ ಫಾನ್ ಹೌಸುಮ್ ಬೇಕಾದ ಹಳದಿ ಗುಲಾಬಿ ಸಿಗದೆ ಚಿತ್ರವನ್ನು ಮುಂದಿನ ಹಂಗಾಮಿನವರೆಗೆ ತಡೆದಿಟ್ಟದ್ದುಂಟು. ಮಾಲೆ ದಿನವೂ ಹೊಸದಾಗಿ ಸಿಗುವ ನಮ್ಮ ಸಂತೆಪೇಟೆಗಳಲ್ಲಿ ಹಾಗೆ ಕಾಯುವ ಪ್ರಮೇಯವಿಲ್ಲ. ಆದರೆ ನಿನ್ನೆಯ ದಂಡೆಯಂತೆ ಇವತ್ತಿನದು ಇರುವುದಿಲ್ಲ. ಆದ್ದರಿಂದ ಹೂವಿನ ಅಭ್ಯಾಸಚಿತ್ರಗಳನ್ನು ಬೇರೆಯಾಗಿ ಬರೆದಿಟ್ಟುಕೊಂಡು ಆಕೃತಿಗೆ ಸೇರಿಸುವುದು ಸುರಕ್ಷಿತ ಕ್ರಮ.

ಪ್ರತಿ ಹೂವಿಗೂ ಅದರದೇ ಸಮಸ್ಯೆ. ಕರಿ ತುರುಬಿನ ಮೇಲಿನ ಮಲ್ಲಿಗೆಗೆ ಬಿಳಿಯಿಂದ ಆರಂಭಿಸುವುದು ಕಲಿಯುವವರ ಸಾಮಾನ್ಯ ತಪ್ಪು. ಒಂದೊಂದು ಮೊಗ್ಗನ್ನೂ ಎಣಿಸಿ ಬಿಳಿ ತುಂಬಿದರೆ ದಂಡೆ ಮಣಿಸರದಂತೆ ಕಾಣುತ್ತದೆ. ಇಡೀ ದಂಡೆಯನ್ನು ಮೊದಲು ಹಸಿರುಮಿಶ್ರಿತ ಬೂದುಬಣ್ಣದ ಒಂದೇ ಪಟ್ಟಿಯಾಗಿ ಹಾಕಿ, ಮೊಗ್ಗುಗಳ ಸಂದಿಯನ್ನು ಗಾಢಗೊಳಿಸಿ, ಬೆಳಕು ಬೀಳುವ ಕೆಲವೇ ಮೊಗ್ಗುಗಳಿಗೆ ಕೊನೆಯಲ್ಲಿ ದಪ್ಪ ಬಿಳಿ ತಾಗಿಸಬೇಕು. ತುರುಬೂ ಬರೀ ಕಪ್ಪಲ್ಲ. ಕಂದು ಮತ್ತು ನೀಲಿಯ ಬೆರಕೆಯಿಂದ ಅದಕ್ಕೆ ಜೀವ ಬರುತ್ತದೆ. ಅಬ್ಬಲಿಗೆಯ ಕಿತ್ತಳೆ ಗೋದಿಮೈಬಣ್ಣಕ್ಕೆ ಹತ್ತಿರ. ಕೆನ್ನೆಯ ಪಕ್ಕ ಅದನ್ನಿಟ್ಟರೆ ಎರಡೂ ಒಂದರಲ್ಲೊಂದು ಕರಗಿಹೋಗುತ್ತವೆ, ನಡುವೆ ತಂಪು ನೆರಳೊಂದು ಬೇಕು. ಅದರ ತೆಳು ಎಸಳಿಗೆ ತಿಳಿಬಣ್ಣ ಒಣಗಿದ ಮೇಲೆ ಎಳೆಯುವ ಪಾರದರ್ಶಕ ಪದರು ಚೆನ್ನಾಗಿ ಒಪ್ಪುತ್ತದೆ. ಸೇವಂತಿಗೆಯಲ್ಲಿ ಎಸಳುಗಳನ್ನು ಮರೆತು ಗುಂಡನೆಯ ಒಟ್ಟಾಕಾರವನ್ನು ಹಿಡಿಯಬೇಕು.

ಇಂಥ ಚಿತ್ರಕ್ಕೆ ಗಿರಾಕಿಗಳಾಗಿದ್ದವರು ಮಠಗಳು, ಶಾಲೆಗಳು, ಸ್ಥಿತಿವಂತರ ಮನೆಗಳು ಮತ್ತು ನಾಟಕ ಕಂಪನಿಗಳು. ಶಿವಯೋಗಮಂದಿರವನ್ನು 1909ರಲ್ಲಿ ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳ (1867–1930) ಭಾವಚಿತ್ರ ಈ ಭಾಗದ ಮಠಗಳಲ್ಲಿ ಎಲ್ಲೆಡೆ ಪರಿಚಿತ. ಕಂಪನಿ ನಾಟಕದ ಉದ್ಯಾನದ ಪರದೆಗಳು ಬೇರೆ ಬಗೆಯವು. ದೂರದಿಂದ ಕಾಣಬೇಕಾದ ಅವುಗಳ ಹೂವಿಗೆ ನಯ ಬೇಕಿರಲಿಲ್ಲ, ಬೀಸು ಬೇಕಿತ್ತು. ಫೋಟೋ ಸ್ಟುಡಿಯೋಗಳು ಹೆಚ್ಚಿದಂತೆ ಭಾವಚಿತ್ರಕಾರನ ಕೆಲಸ ಫೋಟೋಕ್ಕೆ ಬಣ್ಣ ತುಂಬುವ ಮಟ್ಟಕ್ಕೆ ಇಳಿಯಿತು. ಆಫ್‌ಸೆಟ್ ಮುದ್ರಣ, ಅದರ ಬೆನ್ನಿಗೆ ಬಂದ ಫ್ಲೆಕ್ಸ್, ಉಳಿದ ಗಿರಾಕಿಗಳನ್ನೂ ಕೊಂಡೊಯ್ದವು.

ಶಿಗ್ಗಾವಿ ತಾಲ್ಲೂಕಿನವರೇ ಆದ ಚಿತ್ರಕಾರ ಟಿ.ಬಿ. ಸೊಲಬಕ್ಕನವರ ಕ್ಯಾನ್ವಾಸಿಗೆ ಅಂಟಿಕೊಳ್ಳದೆ ದೊಡ್ಡಾಟದ ವೇಷಭೂಷಣದತ್ತಲೂ ಶಿಲ್ಪದತ್ತಲೂ ಹೊರಳಿದರು. ಹುಬ್ಬಳ್ಳಿ–ಹಾವೇರಿ ಹೆದ್ದಾರಿಯ ಗೊಟಗೋಡಿಯಲ್ಲಿ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಬದುಕು ಆಳೆತ್ತರದ ಆಕೃತಿಗಳಲ್ಲಿ ನಿಂತಿದೆ. ಅವರು 2020ರಲ್ಲಿ ತೀರಿಕೊಂಡರು. ಈ ಸೀಮೆಯ ಆಕೃತಿಚಿತ್ರಣ ಬಣ್ಣದಿಂದ ಸಿಮೆಂಟಿಗೆ ದಾಟಿದ್ದನ್ನು ಇಳಿತವೆಂದು ನೋಡಬೇಕಿಲ್ಲ. ನೋಡುವ ಜನ ಅಲ್ಲಿದ್ದರು.

ಹಳೆಯ ತೈಲಚಿತ್ರಗಳಿಗೆ ಈಗ ಹೆಚ್ಚು ಕೇಡು ಮಾಡುವುದು ಭಕ್ತಿಯೇ. ದೀಪದ ಹೊಗೆ, ಲೋಬಾನದ ಮಸಿ, ಒದ್ದೆ ಬಟ್ಟೆಯ ಒರಸು, ಹೊಳಪಿಗೆಂದು ಹಚ್ಚುವ ಕೊಬ್ಬರಿ ಎಣ್ಣೆ ಎಲ್ಲವೂ ಬಣ್ಣದ ಪೊರೆಗೆ ಹಾನಿ. ನೀರು ಚಿಮುಕಿಸಿದ ಹಸಿ ಹಾರ ಕ್ಯಾನ್ವಾಸಿಗೆ ತಾಗಿದರೆ ತೇವ ಅಂಟಿನ ಪದರಿಗಿಳಿದು ಬಣ್ಣ ಚಕ್ಕೆ ಏಳುತ್ತದೆ. ಇಂಥ ಚಿತ್ರಗಳಿರುವ ಮಠ, ಶಾಲೆ, ಮನೆಗಳವರು ಹಾರವನ್ನು ಚೌಕಟ್ಟಿನಿಂದ ಒಂದು ಗೇಣು ಮುಂದೆ ಇಳಿಬಿಡಬೇಕು, ಇಲ್ಲವೇ ಗಂಧದ ಚಕ್ಕೆಯ ಒಣ ಹಾರ ಬಳಸಬೇಕು.