ರಕ್ಷಣೆಯೂ ಸಮ್ಮತಿಯೂ

1834ನೆಯ ಇಸವಿಯ ಮೇ 7ರಂದು ಕರ್ನಲ್ ಫ್ರೇಸರನು ಕೊಡಗಿನಲ್ಲಿ ಹೊರಡಿಸಿದ ಘೋಷಣಾಪತ್ರವು ಗಾತ್ರದಲ್ಲಿ ಅಲ್ಪವಾದರೂ ಪರಿಣಾಮದಲ್ಲಿ ಮಹತ್ತರವಾದುದು. ಹಾಲೇರಿ ವಂಶದ ಕಡೆಯ ಅರಸನಾದ ಚಿಕ್ಕವೀರರಾಜೇಂದ್ರನ ರಾಜ್ಯವು ಕುಂಪಣಿ ಸರಕಾರದ ವಶವಾದುದು ನಿವಾಸಿಗಳೆಲ್ಲರ ಏಕಮತದ ಇಚ್ಛೆಯಿಂದಲೇ ಎಂದು ಅದು ಸಾರಿತು. ಪ್ರಜೆಗಳ ಮತಾಚಾರಗಳನ್ನು ಗೌರವಿಸಿ, ಅವರ ಭದ್ರತೆ ಸೌಖ್ಯಗಳನ್ನು ವೃದ್ಧಿಪಡಿಸುವುದಾಗಿ ಭಾಷೆ ಕೊಟ್ಟಿತು. ಜತೆಗೆ, ಅವರನ್ನು ಮತ್ತೆಂದಿಗೂ ದೇಶೀಯರ ಆಳ್ವಿಕೆಗೆ ಒಳಪಡಿಸುವುದಿಲ್ಲವೆಂದೂ ವಿಧಿಸಿತು.

ಬಂಧುಗಳನ್ನೇ ಕೊಲ್ಲಿಸಿದ ಅರಸನ ಕ್ರೌರ್ಯದಿಂದ ಬೆಂದವರಿಗೆ ಇದು ಅಭಯವಚನವಾಗಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಕೆಲವು ಮುಖಂಡರ ಒಪ್ಪಿಗೆಯು ನಾಡಿನ ಒಪ್ಪಿಗೆಯಾದೀತೆ? ಒಂದು ದಿನದ ಸಮ್ಮತಿಯು ಮುಂದಣ ತಲೆಮಾರುಗಳನ್ನೂ ಕಟ್ಟೀತೆ?

ಉತ್ತರವು ಘಟ್ಟದ ಕೆಳಗಿನಿಂದ ಬಂದಿತು. ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದ ಅಮರಸುಳ್ಯದ ಸೀಮೆಯಲ್ಲಿ, ರಾಜರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದ ರೈತರು ಈಗ ನಗದಾಗಿ ತೆರಬೇಕಾಯಿತು. 1837ರ ಏಪ್ರಿಲಿನಲ್ಲಿ ದಂಗೆಯೆದ್ದ ಜನರು ಮಂಗಳೂರನ್ನು ಹೊಕ್ಕು ಕೆಲವು ದಿನ ಹಿಡಿದಿದ್ದರು. ಹಾಲೇರಿಯ ವಂಶಜನೆಂದು ಹೇಳಿಕೊಂಡವನನ್ನೇ ಅವರು ಮುಂದಿಟ್ಟುಕೊಂಡಿದ್ದರು. ಯಾವುದನ್ನು ಘೋಷಣೆ ಎಂದೆಂದಿಗೂ ನಿಷೇಧಿಸಿತ್ತೋ ಅದನ್ನೇ ಅವರು ಬಯಸಿದ್ದರು. ದಂಗೆ ಅಡಗಿತು. ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರಿನಲ್ಲಿ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಇಂಥ ಆಳ್ವಿಕೆಯ ತರ್ಕವನ್ನು ಜಾನ್ ಸ್ಟೂಅರ್ಟ್ ಮಿಲ್ಲನಲ್ಲಿ ಸ್ಪಷ್ಟವಾಗಿ ಕಾಣಬಹುದು. ಆತನು 1858ರವರೆಗೆ ಲಂಡನ್ನಿನ ಕುಂಪಣಿಯ ಕಚೇರಿಯಲ್ಲಿ ಉದ್ಯೋಗಿಯಾಗಿದ್ದವನು. ಅನ್ಯರಿಗೆ ಹಾನಿಯಿಲ್ಲದಿರುವಾಗ, ಒಬ್ಬನ ಹಿತಕ್ಕಾಗಿಯೇ ಆದರೂ ಅವನನ್ನು ಬಲಾತ್ಕರಿಸುವುದು ನ್ಯಾಯವಲ್ಲವೆಂದು 1859ರಲ್ಲಿ ಪ್ರಕಟವಾದ ತನ್ನ ಸ್ವಾತಂತ್ರ್ಯವಿಚಾರದ ಗ್ರಂಥದಲ್ಲಿ ಆತನು ಪ್ರತಿಪಾದಿಸಿದನು. ಆದರೆ ಈ ನಿಯಮವು ಮಕ್ಕಳಿಗೂ ಹಿಂದುಳಿದ ಜನಾಂಗಗಳಿಗೂ ಸಲ್ಲದೆಂದನು. ಮಗುವಿಗೆ ಪ್ರಾಯ ಬಂದಿತೆಂದು ನಿರ್ಣಯಿಸುವ ಅಧಿಕಾರವು ಪೋಷಕನೊಬ್ಬನದೇ ಆದಲ್ಲಿ ಆ ಬಾಲ್ಯಕ್ಕೆ ಕೊನೆಯುಂಟೆ?

ಪ್ರಾಯಕ್ಕೆ ಬಂದ ಪ್ರಜೆಗಳೆಲ್ಲರೂ ಮತವಿತ್ತು ತಮ್ಮ ಶಾಸನಸಭೆಯನ್ನು ಆರಿಸುವ ಅವಕಾಶವು ಕೊಡಗಿಗೆ ಒದಗಿದುದು 1952ರಲ್ಲಿ. ಮೈಸೂರಿನೊಡನೆ ವಿಲೀನವಾಗುವುದೇ ಅಂದಿನ ಮುಖ್ಯ ವಿವಾದ. 24 ಸ್ಥಾನಗಳಲ್ಲಿ ಕಾಂಗ್ರೆಸ್ಸು 15ನ್ನು ಗೆದ್ದಿತು. ವಿಲೀನವನ್ನು ವಿರೋಧಿಸಿದ ತಕ್ಕಡಿ ಪಕ್ಷದವರು ಎದುರು ಸಾಲಿನಲ್ಲಿ ಕುಳಿತರು. 1956ರ ನವೆಂಬರ್ 1ರಂದು ವಿಲೀನವೂ ನಡೆಯಿತು.

ಬೇಡವೆಂದವರ ಇಷ್ಟವು ಆಗಲೂ ಈಡೇರಲಿಲ್ಲ. ಆದರೆ 1837ರಲ್ಲಿ ಬೇಡವೆಂದವರಿಗೆ ದೊರೆತುದು ಗಲ್ಲು. 1952ರಲ್ಲಿ ಅವರಿಗೆ ದೊರೆತುದು ಸಭೆಯಲ್ಲಿ ಒಂದು ಆಸನ. ಸರಕಾರವು ಪ್ರಜೆಗಳ ಹಿತವನ್ನು ಎಷ್ಟೇ ಬಯಸಲಿ, ಬೇಡವೆನ್ನುವವನಿಗೆ ಆ ಆಸನವನ್ನು ಉಳಿಸಿದಾಗಲೇ ಅದರ ರಕ್ಷಣೆಯು ಸೆರೆಯಾಗದೆ ಉಳಿಯುತ್ತದೆ.