ಕಿತ್ತಳೆ ಹಣ್ಣಿನ ಮೇಲಿನ ಕಾಡು

"ಜೀವಿಗಳ ಜಾತಿ ಹೆಚ್ಚಿದ್ದಷ್ಟೂ ಕಾಡು ಗಟ್ಟಿ" ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಆ ಮಾತಿನ ಹಿಂದೆ ದೊಡ್ಡ ಜಗಳವೇ ಇದೆ. ನಾನು ಇಂಜಿನಿಯರಿಂಗ್ ಓದಿದವನು, ಜೀವಶಾಸ್ತ್ರ ಪಿಯುಸಿಗೇ ಮುಗಿಯಿತು. ಆದರೂ ಈ ಕಥೆ ನನ್ನನ್ನು ಬಿಡಲಿಲ್ಲ.

1930ರ ದಶಕದಲ್ಲಿ ಮಾಸ್ಕೋದ ಗಾಸ್ ಎಂಬ ವಿಜ್ಞಾನಿ ಗಾಜಿನ ನಳಿಕೆಯಲ್ಲಿ ಪ್ಯಾರಮೀಸಿಯಂ ಬೆಳೆಸಿ, ಅದನ್ನು ತಿನ್ನುವ ಡಿಡಿನಿಯಂ ಬಿಟ್ಟರು. ಡಿಡಿನಿಯಂ ಎಲ್ಲವನ್ನೂ ತಿಂದು ಮುಗಿಸಿ, ಆಮೇಲೆ ತಾನೂ ಹಸಿದು ಸತ್ತಿತು. ಆಗಾಗ ಹೊರಗಿನಿಂದ ಎರಡನ್ನೂ ತಂದು ಹಾಕಿದಾಗ ಮಾತ್ರ ಆಟ ಮುಂದುವರಿಯಿತು.

1958ರಲ್ಲಿ ಕ್ಯಾಲಿಫೋರ್ನಿಯಾದ ಹಫೇಕರ್ ಕಿತ್ತಳೆ ಹಣ್ಣುಗಳನ್ನು ಜೋಡಿಸಿಟ್ಟು, ಅದರ ಮೇಲೆ ಬದುಕುವ ನುಸಿಯನ್ನೂ ಆ ನುಸಿಯನ್ನು ತಿನ್ನುವ ಇನ್ನೊಂದು ನುಸಿಯನ್ನೂ ಬಿಟ್ಟರು. ಹಣ್ಣು ಕಡಿಮೆ ಇದ್ದಾಗ ಗಾಸ್ ಕಂಡದ್ದೇ ಆಯಿತು. ಕೊನೆಗೆ ಬಹಳಷ್ಟು ಹಣ್ಣು ಇಟ್ಟು, ನಡುವೆ ವ್ಯಾಸಲೀನ್ ಬಳಿದು ತಡೆ ಮಾಡಿ, ಬಲಿಯಾಗುವ ನುಸಿ ನೂಲು ಬಿಟ್ಟು ಗಾಳಿಯಲ್ಲಿ ತೇಲಿಹೋಗಲು ಕಡ್ಡಿಗಳನ್ನು ನೆಟ್ಟರು. ಈಗ ಒಂದು ಹಣ್ಣಿನಲ್ಲಿ ಸತ್ತರೂ ಇನ್ನೊಂದರಲ್ಲಿ ಉಳಿಯುತ್ತಿದ್ದವು. ಮೂರು ಸಲ ಏರಿಳಿದ ಮೇಲೆಯೇ ಆ ಲೋಕ ಮುಗಿದದ್ದು. ನೋಡಿ, ಹಣ್ಣಿನ ಲೆಕ್ಕದಲ್ಲಿ ಬರೀ ಸಾವು, ಒಟ್ಟು ಲೆಕ್ಕದಲ್ಲಿ ಬದುಕು!

ಅದೇ 1958ರಲ್ಲಿ ಇಂಗ್ಲೆಂಡಿನ ಎಲ್ಟನ್, ಸರಳ ಸಮುದಾಯಗಳೇ ಬೇಗ ಹದಗೆಡುತ್ತವೆ ಎಂದು ವಾದಿಸಿದ್ದರು. 1972ರಲ್ಲಿ ಭೌತಶಾಸ್ತ್ರ ಓದಿಬಂದ ರಾಬರ್ಟ್ ಮೇ ಗಣಿತ ಹಾಕಿ ತಲೆಕೆಳಗು ಮಾಡಿದರು: ಮನಬಂದಂತೆ ಹೆಣೆದ ಜಾಲದಲ್ಲಿ ಜಾತಿಗಳೂ ನಂಟುಗಳೂ ಹೆಚ್ಚುತ್ತಾ ಒಂದು ಮಿತಿ ದಾಟಿದರೆ ಜಾಲ ಕುಸಿಯುತ್ತದೆ. ಆದರೆ ನಂಟುಗಳು ಗುಂಪು ಗುಂಪಾಗಿದ್ದರೆ ತಾಳಿಕೆ ಹೆಚ್ಚಬಹುದು ಅಂತಲೂ ಅದೇ ಲೇಖನದಲ್ಲಿ ಬರೆದರು.

ನಮ್ಮ ಸಾಫ್ಟ್‌ವೇರಿನವರಿಗೆ ಇದು ಹೊಸದೇನಲ್ಲ :) 1962ರಲ್ಲೇ ಹರ್ಬರ್ಟ್ ಸೈಮನ್ ಇಬ್ಬರು ಗಡಿಯಾರದವರ ಕಥೆ ಹೇಳಿದ್ದರು. ಸಾವಿರ ಬಿಡಿಭಾಗಗಳನ್ನು ಒಂದೇ ಸಲ ಜೋಡಿಸುವವನಿಗೆ ನಡುವೆ ಯಾರಾದರೂ ಕರೆದರೆ ಎಲ್ಲ ಚೆಲ್ಲಾಪಿಲ್ಲಿ. ಹತ್ತು ಹತ್ತರ ತುಣುಕು ಮಾಡಿಕೊಂಡವನಿಗೆ ಒಂದು ತುಣುಕಷ್ಟೇ ನಷ್ಟ.

ಹಾಗಂತ ತುಂಡು ಮಾಡಿದರೆ ಸಾಕು ಅಂತಲ್ಲ. ವ್ಯಾಸಲೀನಿನಷ್ಟೇ ಕಡ್ಡಿಯೂ ಮುಖ್ಯ. ಕೊಡಗಿನ ದೇವರಕಾಡುಗಳನ್ನೇ ನೋಡಿ, ಚಿಕ್ಕ ಚಿಕ್ಕ ತುಂಡುಗಳು. ನಡುವಿನ ಕಾಫಿ ತೋಟದ ನೆರಳು ಮರಗಳೇ ಅಲ್ಲಿ ಹಕ್ಕಿಗೂ ಬೀಜಕ್ಕೂ ಕಡ್ಡಿ. ದೇವರಕಾಡಿಗೆ ಕೊಡಲಿ ಹಾಕದೆ ಬರೀ ಆ ಮರಗಳನ್ನು ಕಡಿದರೂ, ಉಳಿಯುವುದು ಗಾಸ್‌ನ ನಳಿಕೆಗಳೇ.