ಮೈಸೂರು ಸೀಮೆಯ ಪದವಿಶಿಕ್ಷಣದಲ್ಲಿ ಸಮಾಜಶಾಸ್ತ್ರ

ಕೃಷ್ಣರಾಜನಗರ ಸೀಮೆಯ ‘ಹೊಸ ಅಗ್ರಹಾರ’ವೆಂಬ ಊರಿನ ಹೆಸರನ್ನು ಕೇಳಿದೊಡನೆಯೇ ಶಾಸನಾಭ್ಯಾಸಿಗಳಿಗೆ ದತ್ತಿ, ವೃತ್ತಿ, ಸರ್ವಮಾನ್ಯ ಮುಂತಾದ ಮಾತುಗಳು ನೆನಪಿಗೆ ಬರುವುವು. ವಿದ್ವಾಂಸರಾದ ಬ್ರಾಹ್ಮಣರ ಅಧ್ಯಯನಾಧ್ಯಾಪನಗಳಿಗಾಗಿ ಬಿಟ್ಟ ಊರಿಗೆ ಅಗ್ರಹಾರವೆಂದು ಹೆಸರು. ಕೃಷ್ಣರಾಜನಗರಕ್ಕೆ ಹಿಂದೆ ಎಡತೊರೆ ತಾಲ್ಲೂಕೆಂಬ ಹೆಸರಿದ್ದ ಕಾಲದಲ್ಲಿ, ಅಲ್ಲಿಯ ಶಾಸನಗಳನ್ನೂ ಹುಣಸೂರು, ಹೆಗ್ಗಡದೇವನಕೋಟೆಗಳ ಶಾಸನಗಳನ್ನೂ ರೈಸ್ ಸಾಹೇಬರು ‘ಎಪಿಗ್ರಾಫಿಯ ಕರ್ನಾಟಿಕ’ದ ೪ನೆಯ ಸಂಪುಟವಾಗಿ ೧೮೯೮ರಲ್ಲಿ ಪ್ರಕಟಿಸಿದರು. ದಾನಶಾಸನಗಳು ಕೊಟ್ಟವನನ್ನೂ ಪಡೆದವನನ್ನೂ ಸೀಮೆಯ ಕಲ್ಲುಗಳನ್ನೂ ವಿವರವಾಗಿ ಹೇಳುವುವು. ಆ ನೆಲವನ್ನು ಉತ್ತವನ ಹೆಸರು ಅವುಗಳಲ್ಲಿ ವಿರಳ. ಶಾಸನವು ಮೌನವಾಗಿರುವ ಈ ಎಡೆಯಲ್ಲಿಯೇ ಸಮಾಜಶಾಸ್ತ್ರದ ಕೆಲಸವು ಮೊದಲಾಗುವುದು. ಆ ಶಾಸ್ತ್ರವು ಮೈಸೂರಿನಲ್ಲಿ ಪದವಿಯ ಪಾಠವಾಗಿ ಬೆಳೆದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಯಿತು. ಅದರ ಪ್ರಥಮ ಉಪಕುಲಪತಿಗಳಾದ ಎಚ್. ವಿ. ನಂಜುಂಡಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಪ್ರಥಮಾಧ್ಯಕ್ಷರೆಂದು ಸಾಹಿತ್ಯಾಸಕ್ತರಿಗೆ ಸುಪರಿಚಿತರು. ಮೈಸೂರು ಸಂಸ್ಥಾನದ ಜನಾಂಗಗಳ ಸಮೀಕ್ಷೆಯನ್ನು ನಡೆಸಿದವರೂ ಅವರೇ ಎಂಬ ಸಂಗತಿ ಅಷ್ಟಾಗಿ ಸ್ಮರಣೆಯಲ್ಲಿಲ್ಲ. ಒಂದೊಂದು ಜಾತಿಯ ಉತ್ಪತ್ತಿಕಥೆ, ಬೆಡಗು, ವಿವಾಹವಿಧಿ, ಶವಸಂಸ್ಕಾರ, ಕುಲದೈವ, ಕಸುಬು ಇವುಗಳನ್ನು ಅವರು ಬಿಡಿಬಿಡಿಯಾಗಿ ಬರೆಯಿಸಿದರು. ೧೯೨೦ರಲ್ಲಿ ಅವರು ದಿವಂಗತರಾದ ಮೇಲೆ ಎಲ್. ಕೆ. ಅನಂತಕೃಷ್ಣ ಅಯ್ಯರವರು ಆ ಸಾಮಗ್ರಿಯನ್ನು ವಿಸ್ತರಿಸಿ, ‘ಮೈಸೂರಿನ ಬುಡಕಟ್ಟುಗಳು ಮತ್ತು ಜಾತಿಗಳು’ ಎಂಬರ್ಥದ ಆಂಗ್ಲಗ್ರಂಥವನ್ನು ೧೯೨೮ರಿಂದ ೧೯೩೫ರವರೆಗೆ ೪ ಸಂಪುಟಗಳಲ್ಲಿ ಹೊರತಂದರು. ಈ ಗ್ರಂಥವು ಇಂದಿಗೂ ಆಕರವೇ. ಆದರೆ ಅದರ ಕ್ರಮವು ಗಣನೆಯ ಕ್ರಮ. ಸರ್ಕಾರವು ಕೇಳುವುದು, ಜನರು ಹೇಳುವುದು, ವಿದ್ವಾಂಸನು ಬರೆಯುವುದು, ಇಷ್ಟೇ ಅದರ ಮರ್ಯಾದೆ.

ಎರಡನೆಯ ಮೂಲವು ದರ್ಶನಶಾಸ್ತ್ರ. ೧೯೨೧ರಲ್ಲಿ ಉಪಕುಲಪತಿಗಳಾಗಿ ಬಂದ ಸರ್ ಬ್ರಜೇಂದ್ರನಾಥ ಸೀಲರು, ೧೯೧೧ರಲ್ಲಿ ಲಂಡನ್ನಿನ ವಿಶ್ವಜನಾಂಗ ಸಮ್ಮೇಳನದಲ್ಲಿ ಜನಾಂಗವೆಂಬುದರ ಅರ್ಥವನ್ನು ಕುರಿತು ಪ್ರಬಂಧವನ್ನು ಮಂಡಿಸಿದ್ದ ಮಹಾಪಂಡಿತರು. ಅವರೂ ಮಹಾರಾಜಾ ಕಾಲೇಜಿನ ತತ್ತ್ವಶಾಸ್ತ್ರದ ಪ್ರೊಫೆಸರಾದ ಎ. ಆರ್. ವಾಡಿಯಾರವರೂ ಸಮಾಜಶಾಸ್ತ್ರವನ್ನು ಪದವಿತರಗತಿಗಳಿಗೆ ತರಲು ಕಾರಣರಾದರು. ಬೊಂಬಾಯಿಯಲ್ಲಿ ೧೯೧೯ರಲ್ಲಿ ಪ್ಯಾಟ್ರಿಕ್ ಗೆಡ್ಡೆಸರ ಅಧೀನದಲ್ಲಿ ತೆರೆದ ವಿಭಾಗವು ಸ್ನಾತಕೋತ್ತರ ವ್ಯಾಸಂಗಕ್ಕೆ ಮೀಸಲಾಗಿದ್ದಿತು, ಮೈಸೂರಿನಲ್ಲಿಯಾದರೋ ಬಿ.ಎ. ಓದುವ ತರುಣರಿಗೇ ಈ ವಿದ್ಯೆಯು ದೊರೆಯಿತು. ‘ಸಾಮಾಜಿಕ ತತ್ತ್ವಶಾಸ್ತ್ರ’ವೆಂಬ ಆನರ್ಸ್ ಪಾಠಕ್ರಮದಲ್ಲಿ ನೀತಿಶಾಸ್ತ್ರ, ರಾಜ್ಯತತ್ತ್ವ, ಸಮಾಜಶಾಸ್ತ್ರ, ಮಾನವಶಾಸ್ತ್ರಗಳು ಒಂದೇ ಛಾವಣಿಯ ಕೆಳಗೆ ಕೂಡಿದ್ದುವು.

ಈ ಪಾಠಕ್ರಮದಲ್ಲಿ ವ್ಯಾಸಂಗಮಾಡಿ ೧೯೩೬ರಲ್ಲಿ ಪದವೀಧರರಾದವರು ಎಂ. ಎನ್. ಶ್ರೀನಿವಾಸರು. ೧೯೧೬ರಲ್ಲಿ, ಎಂದರೆ ವಿಶ್ವವಿದ್ಯಾನಿಲಯವು ಹುಟ್ಟಿದ ವರ್ಷದಲ್ಲಿಯೇ, ಅವರು ಮೈಸೂರಿನಲ್ಲಿ ಜನಿಸಿದರು. ಬೊಂಬಾಯಿಯಲ್ಲಿ ಘುರ್ಯೆಯವರ ಬಳಿಯೂ ಆಕ್ಸ್‌ಫರ್ಡಿನಲ್ಲಿ ರ್‍ಯಾಡ್‌ಕ್ಲಿಫ್ ಬ್ರೌನ್, ಇವಾನ್ಸ್ ಪ್ರಿಚರ್ಡರ ಬಳಿಯೂ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಮೈಸೂರಿನ ವಿವಾಹ ಮತ್ತು ಕುಟುಂಬಗಳನ್ನು ಕುರಿತ ಅವರ ಗ್ರಂಥವು ೧೯೪೨ರಲ್ಲಿಯೂ, ಕೊಡವರ ಧರ್ಮ ಮತ್ತು ಸಮಾಜಗಳನ್ನು ಕುರಿತ ಗ್ರಂಥವು ೧೯೫೨ರಲ್ಲಿಯೂ ಪ್ರಕಟವಾದುವು. ೧೯೪೮ರಲ್ಲಿ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ವಾಸಮಾಡಿ, ಅದನ್ನು ‘ರಾಂಪುರ’ವೆಂಬ ಕಲ್ಪಿತ ನಾಮದಿಂದ ವರ್ಣಿಸಿದರು. ೧೯೭೦ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ತುತ್ತಾದುವು. ಬಹುಮಟ್ಟಿಗೆ ಸ್ಮರಣೆಯಿಂದಲೇ ಬರೆದ ರಾಂಪುರದ ವೃತ್ತಾಂತವು ೧೯೭೬ರಲ್ಲಿ ಹೊರಬಂದಿತು.

ಶ್ರೀನಿವಾಸರು ರೂಢಿಗೆ ತಂದ ‘ಸಂಸ್ಕೃತೀಕರಣ’ವೆಂಬ ಪಾರಿಭಾಷಿಕ ಶಬ್ದವು ವ್ಯಾಕರಣಜ್ಞರ ವಿಚಾರಕ್ಕೆ ಯೋಗ್ಯವಾದುದು. ಹಿಂದೆ ಹಾಗಿಲ್ಲದುದು ಹಾಗಾಗುವುದೆಂಬ ಅಭೂತತದ್ಭಾವದ ಅರ್ಥದಲ್ಲಿ ಚ್ವಿ ಪ್ರತ್ಯಯವು ಬರುವುದು. ‘ಕೃ’ ಧಾತುವಿನ ಯೋಗದಿಂದ ಕರ್ತೃವೊಬ್ಬನು ಇರಲೇಬೇಕಾಗುವುದು. ಇಲ್ಲಿ ಕರ್ತೃ ಯಾರು? ಕೆಳಗಿನದೆಂದು ಎಣಿಸಲ್ಪಟ್ಟ ಜಾತಿಯೇ ತನ್ನ ಆಹಾರವನ್ನೂ ಆಚಾರವನ್ನೂ ಮಾರ್ಪಡಿಸಿಕೊಂಡು ಮೇಲಿನ ಸ್ಥಾನವನ್ನು ಬೇಡುವುದೆಂಬುದು ಶ್ರೀನಿವಾಸರ ಪ್ರತಿಪಾದನೆ. ಅನುಕರಣಕ್ಕೆ ಬ್ರಾಹ್ಮಣರೊಬ್ಬರೇ ಆದರ್ಶರಲ್ಲವೆಂದೂ, ಭೂಮಿ, ಜನಬಲ, ಅಧಿಕಾರಗಳುಳ್ಳ ‘ಪ್ರಬಲ ಜಾತಿ’ಯೂ ಊರಿನ ನಡೆಯನ್ನು ನಿರ್ಧರಿಸುವುದೆಂದೂ ಅವರು ಮುಂದೆ ತಿದ್ದಿ ಹೇಳಿದರು. ಗಣನೆಯ ಗ್ರಂಥಗಳಲ್ಲಿ ಜಾತಿಯು ಕರ್ಮಕಾರಕ. ಇಲ್ಲಿ ಅದು ಕರ್ತೃಕಾರಕ. ಮೈಸೂರಿನ ಸಮಾಜಶಾಸ್ತ್ರದ ಇತಿಹಾಸದಲ್ಲಿ ಈ ಕಾರಕಭೇದಕ್ಕಿಂತ ಮಿಗಿಲಾದ ಘಟನೆಯಿಲ್ಲ. ಹಾಗೆಂದು ಈ ತತ್ತ್ವವು ನಿರ್ದೋಷವೆನ್ನುವಂತಿಲ್ಲ. ಅಸ್ಪೃಶ್ಯರಾಗಿ ನಿರ್ಬಂಧಿಸಲ್ಪಟ್ಟವರು ಆಚಾರವನ್ನು ಬದಲಾಯಿಸಿಕೊಂಡ ಮಾತ್ರಕ್ಕೆ ಊರು ಅವರಿಗೆ ಬಾಗಿಲು ತೆರೆಯಲಿಲ್ಲವೆಂಬ ಆಕ್ಷೇಪವು ಬಲವಾದುದು. ಅದಕ್ಕೆ ಸಮಾಧಾನವು ಗ್ರಂಥದಿಂದಲ್ಲ, ಊರಿನಿಂದಲೇ ಬರಬೇಕು.

ಪದವಿಯ ವಿದ್ಯಾರ್ಥಿಗೆ ಈ ಚರಿತ್ರೆಯಿಂದ ಏನು ಪ್ರಯೋಜನ? ಇಂದು ಬಿ.ಎ. ತರಗತಿಯಲ್ಲಿ ಸಮಾಜಶಾಸ್ತ್ರವನ್ನು ಕನ್ನಡದಲ್ಲಿಯೇ ಓದಿ ಪರೀಕ್ಷೆ ಬರೆಯಬಹುದು. ಸುಲಭವಾಗಿ ತೇರ್ಗಡೆಯಾಗುವ ವಿಷಯವೆಂದು ಇದನ್ನು ಆರಿಸಿಕೊಳ್ಳುವವರುಂಟು. ಕೋಂತ್, ದುರ್ಖೈಮರ ಲಕ್ಷಣವಾಕ್ಯಗಳನ್ನು ಕಂಠಪಾಠ ಮಾಡಿಸಿ ತೃಪ್ತರಾಗುವ ಬೋಧಕರೂ ಉಂಟು. ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯೊಂದೇ ಈ ಶಾಸ್ತ್ರಕ್ಕೆ ಸಮಗ್ರವಾದ ಪಾಠಶಾಲೆ. ಅಲ್ಲಿ ಕಾವೇರಿಯ ನಾಲೆಗಳ ಗದ್ದೆಬಯಲಿದೆ, ಹೊಗೆಸೊಪ್ಪಿನ ಬೇಸಾಯವಿದೆ, ಕಾಡಿನಂಚಿನಲ್ಲಿ ಜೇನುಕುರುಬರ ಹಾಡಿಗಳಿವೆ, ಬೈಲಕುಪ್ಪೆಯಲ್ಲಿ ೧೯೬೦ರ ದಶಕದ ಆದಿಯಲ್ಲಿ ನೆಲೆಗೊಂಡ ಟಿಬೆಟ್ಟಿನವರಿದ್ದಾರೆ, ಅಗ್ರಹಾರವೆಂಬ ಹೆಸರನ್ನು ಹೊತ್ತ ಊರೂ ಇದೆ.

ಒಂದು ಕಾಲದಲ್ಲಿ ಅಗ್ರಹಾರದ ವಿದ್ಯೆಯು ಕೆಲವರ ಸ್ವತ್ತಾಗಿದ್ದಿತು. ಸಮೀಕ್ಷೆಯ ಕಾಲದಲ್ಲಿ ಉಳಿದವರು ವಿದ್ಯೆಗೆ ವಿಷಯವಾದರು. ಹಾಗೆ ವಿಷಯವಾಗಿದ್ದವರ ಮೊಮ್ಮಕ್ಕಳು ಈಗ ಆ ವಿಷಯದ ಅಧ್ಯೇತೃಗಳಾಗಿ ಕಾಲೇಜಿನ ಪೀಠಗಳಲ್ಲಿ ಕುಳಿತಿದ್ದಾರೆ. ನಂಜುಂಡಯ್ಯನವರ ಸಂಪುಟಗಳಲ್ಲಿ ತಮ್ಮ ಕುಲವನ್ನು ಕುರಿತ ಪುಟಗಳನ್ನು ತೆರೆದು, ತಮ್ಮ ಮನೆಯ ಹಿರಿಯರ ಮಾತಿನೊಡನೆ ಒರೆಹಚ್ಚಿ, ಯಾವುದು ಸಾಧು, ಯಾವುದು ಅಸಾಧು ಎಂದು ನಿರ್ಣಯಿಸುವ ಅಧಿಕಾರವು ಅವರಿಗಿದೆ. ಆ ಅಧಿಕಾರವನ್ನು ಅವರು ಕನ್ನಡದಲ್ಲಿ ಚಲಾಯಿಸುವಂತೆ ಸಿದ್ಧಗೊಳಿಸುವುದೇ ಪದವಿತರಗತಿಯ ಸಮಾಜಶಾಸ್ತ್ರಬೋಧನೆಯ ಮುಖ್ಯಪ್ರಯೋಜನವು.